ಲಿನಕ್ಸ್‌ನಲ್ಲಿ ಸಿಡಿ ಬರ್ನ್: ಕೆ3ಬಿ ‘254’ ಎಂದು ನಿಲ್ಲುತ್ತದೆ, ಪೂರ್ತಿ ಬರೆದ ಡಿಸ್ಕ್ ಎಂಡಿ5 ಕೊಡುವುದಿಲ್ಲ

ತಾಮ್ರತಂತಿ (ಪ್ರಶ್ನೆ)

ಡೆಸ್ಕ್‌ಟಾಪ್, ಡೆಬಿಯನ್ 12, ಎಕ್ಸ್‌ಎಫ್‌ಸಿಇ. ಒಳಗಿರುವುದು ಸಾಟಾ ಡಿವಿಡಿ ರೈಟರ್, /ಡೆವ್/ಎಸ್‌ಆರ್0 ಎಂದು ಕಾಣಿಸುತ್ತದೆ. ಅಂಗಡಿಯಿಂದ ಬಂದ ಸಿಡಿ, ಡಿವಿಡಿ ಎರಡನ್ನೂ ತಕರಾರಿಲ್ಲದೆ ಓದುತ್ತದೆ. ತೊಂದರೆ ಬರೆಯುವಾಗ ಮಾತ್ರ.

ಬರೆಯಬೇಕಾದದ್ದು ಒಂದು ಐಎಸ್‌ಒ ಇಮೇಜ್ (ಇಡೀ ಡಿಸ್ಕಿನ ಪ್ರತಿರೂಪವಾದ ಒಂದೇ ಫೈಲ್), 71,09,34,528 ಬೈಟ್. ಖಾಲಿ ಡಿಸ್ಕ್ 80 ನಿಮಿಷದ ಸಿಡಿ-ಆರ್, ಮೇಲೆ 52 ಪಟ್ಟು ವೇಗ ಎಂದು ಬರೆದಿದೆ. ಈವರೆಗೆ ಆಗಿರುವುದು:

1. ಕೆ3ಬಿಯಲ್ಲಿ (ಡಿಸ್ಕ್ ಬರೆಯುವ ಪ್ರೋಗ್ರಾಂ) ವೇಗ, ಬರೆಯುವ ಮೋಡ್ ಎರಡೂ ‘ಆಟೊ’. ಶುರುವಾದ ಕೆಲವೇ ಸೆಕೆಂಡಿಗೆ ‘ಸಿಡಿರೆಕಾರ್ಡ್ ಅಜ್ಞಾತ ದೋಷ ಕೊಟ್ಟಿದೆ, ಕೋಡ್ 254’ ಎಂದು ನಿಂತಿತು. ಎರಡು ಡಿಸ್ಕ್ ಹೀಗೇ ಹೋದವು.

2. ಡೀಬಗ್ ಔಟ್‌ಪುಟ್ ತೆರೆದು ನೋಡಿದರೆ ‘ರ್‌ಲಿಮಿಟ್ ಮೆಮ್‌ಲಾಕ್ ಏರಿಸಲಾಗಲಿಲ್ಲ’ ಎಂಬ ಎಚ್ಚರಿಕೆ ಇದೆ. ಅದಕ್ಕಿಂತ ತುಂಬಾ ಕೆಳಗೆ, ‘ಪರ್ಫಾರ್ಮಿಂಗ್ ಒಪಿಸಿ’ ಎಂಬ ಸಾಲಾದ ಮೇಲೆ, ಇದು: ಸೆನ್ಸ್ ಕೀ 3 ಮೀಡಿಯಂ ಎರರ್, ಸೆನ್ಸ್ ಕೋಡ್ 73, ಕ್ವಾಲ್ 03.

3. ಟರ್ಮಿನಲ್‌ನಿಂದ, ವೋಡಿಮ್ ಎಂಬ ಬರೆಯುವ ಕಮಾಂಡ್‌ಗೆ ವೇಗ 8ಕ್ಕೆ ಇಳಿಸಿ ಕೊಟ್ಟೆ. ಪೂರ್ತಿ ಬರೆಯಿತು, ದೋಷವಿಲ್ಲ:

ವೋಡಿಮ್ -ವಿ ಡೆವ್=/ಡೆವ್/ಎಸ್‌ಆರ್0 ಸ್ಪೀಡ್=8 ಇಮೇಜ್.ಐಎಸ್‌ಒ

ಆದರೆ ಆ ಡಿಸ್ಕಿನ ಮೇಲೆ ‘ಎಂಡಿ5ಸಮ್ /ಡೆವ್/ಎಸ್‌ಆರ್0’ (ಡೇಟಾ ತಾಳೆ ನೋಡಲು ಮೊತ್ತ ತೆಗೆಯುವ ಕಮಾಂಡ್) ಓಡಿಸಿದರೆ ಕೊನೆಗೆ ಇನ್‌ಪುಟ್/ಔಟ್‌ಪುಟ್ ಎರರ್. ಮೊತ್ತವೇ ಬರುವುದಿಲ್ಲ. ಡಿಮೆಸೇಜ್‌ನಲ್ಲಿ (ಲಿನಕ್ಸ್‌ನ ತಿರುಳಾದ ಕರ್ನಲ್‌ನ ಸಂದೇಶಪಟ್ಟಿ) ‘ಐ/ಒ ಎರರ್, ಡೆವ್ ಎಸ್‌ಆರ್0, ಸೆಕ್ಟರ್ 1388544’ ಎಂದಿದೆ.

4. ಇದು ಬೇರೆ ವಿಷಯ: ಬ್ರಸೆರೊದಲ್ಲಿ (ಕೆ3ಬಿಯಂಥದ್ದೇ ಇನ್ನೊಂದು ಪ್ರೋಗ್ರಾಂ) ಎಂಪಿ3ಗಳಿಂದ ಆಡಿಯೊ ಸಿಡಿ ಮಾಡಲು ಹೋದರೆ ಬರೆಯುವ ಮೊದಲೇ, ಹಾಡುಗಳ ಸದ್ದಿನ ಮಟ್ಟ ಸಮ ಮಾಡುವ ‘ನಾರ್ಮಲೈಸ್’ ಹಂತದಲ್ಲೇ ನಿಲ್ಲುತ್ತದೆ.

ತಪ್ಪು ಸಾಫ್ಟ್‌ವೇರ್‌ನದ್ದೋ, ಡ್ರೈವ್‌ನದ್ದೋ, ಡಿಸ್ಕ್‌ನದ್ದೋ? ಇನ್ನಷ್ಟು ಡಿಸ್ಕ್ ಹಾಳು ಮಾಡದೆ ತಿಳಿಯುವ ದಾರಿ ಬೇಕು. (ಕಮಾಂಡ್‌ಗಳನ್ನು ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಕೊಟ್ಟದ್ದು ಇಂಗ್ಲಿಷ್ ಅಕ್ಷರಗಳಲ್ಲೇ.)

---

ಬೈಟ್‌ಗೂಡು

ಮೊದಲು ಆ 254 ಅನ್ನು ಮರೆತುಬಿಡಿ. ಕೆ3ಬಿ, ಬ್ರಸೆರೊ ಯಾವುದೂ ತಾವಾಗಿ ಬರೆಯುವುದಿಲ್ಲ. ಹಿಂದೆ ಇನ್ನೊಂದು ಪ್ರೋಗ್ರಾಂಗೆ ಕೆಲಸ ಒಪ್ಪಿಸುತ್ತವೆ. ಡೆಬಿಯನ್‌ನಲ್ಲಿ ಸಿಡಿರೆಕಾರ್ಡ್ ಹೆಸರಿನ ಹಿಂದೆ ಇರುವುದು ವೋಡಿಮ್. ಅದು ಸೋತು ಹೊರಬಂದಾಗ ಬಿಟ್ಟುಹೋಗುವ ಸಂಖ್ಯೆ 254. ಯಾಕೆ ಸೋತಿತು ಎಂಬುದು ಆ ಸಂಖ್ಯೆಯಲ್ಲಿಲ್ಲ. ಕಾರಣ ಹೇಳುವುದು ಡ್ರೈವ್, ಅದೂ ಸೆನ್ಸ್ ಕೋಡ್‌ನ, ಅಂದರೆ ತಾನು ಕಳಿಸುವ ದೋಷಸಂಖ್ಯೆಯ ಮೂಲಕ. ಲಾಗ್‌ನಲ್ಲಿ ಯಾವಾಗಲೂ ಮೊದಲು ಬಂದ ಸೆನ್ಸ್ ಸಾಲನ್ನು ಹಿಡಿಯಿರಿ. ಅದರ ಕೆಳಗಿನ ದೋಷಗಳೆಲ್ಲ ಅದರ ಹಿಂದೆ ಬಂದ ಬಾಲ.

ನಿಮ್ಮದು 3/73/03. ಅಂದರೆ ಪವರ್ ಕ್ಯಾಲಿಬ್ರೇಷನ್ ಸೋತಿದೆ. ಬರೆಯುವ ಮೊದಲು ಡ್ರೈವ್ ಡಿಸ್ಕಿನ ಒಳಅಂಚಿನಲ್ಲಿ, ಲೀಡ್-ಇನ್‌ಗಿಂತಲೂ (ಡೇಟಾಕ್ಕೆ ಮುಂಚಿನ ಆರಂಭದ ಪಟ್ಟಿ) ಒಳಗೆ, ಪಿಸಿಎ ಎಂಬ ಚಿಕ್ಕ ಪಟ್ಟಿಯಲ್ಲಿ ಬೇರೆ ಬೇರೆ ಲೇಸರ್ ಶಕ್ತಿಯಲ್ಲಿ ಒಂದಿಷ್ಟು ಗುರುತು ಹಾಕುತ್ತದೆ. ಆಮೇಲೆ ಅದನ್ನು ತಾನೇ ಓದಿ, ಈ ಡಿಸ್ಕಿಗೆ ಈ ವೇಗದಲ್ಲಿ ಎಷ್ಟು ಶಕ್ತಿ ಬೇಕು ಎಂದು ಗೊತ್ತು ಮಾಡಿಕೊಳ್ಳುತ್ತದೆ. ‘ಪರ್ಫಾರ್ಮಿಂಗ್ ಒಪಿಸಿ’ ಅಂದರೆ ಇದೇ. ವೇಗ ಹೆಚ್ಚಿದಷ್ಟೂ ಹೆಚ್ಚು ಶಕ್ತಿ ಬೇಕು. ‘ಆಟೊ’ ಎಂದು ಬಿಟ್ಟಾಗ ಡ್ರೈವ್ ತನ್ನ ಗರಿಷ್ಠಕ್ಕೆ ಹೋಯಿತು, ಅಲ್ಲಿ ಹೊಂದುವ ಶಕ್ತಿ ಸಿಗಲಿಲ್ಲ, ಕೈಚೆಲ್ಲಿತು. 8ರಲ್ಲಿ ಸಿಕ್ಕಿತು. ಹಾಗಾಗಿ ತಪ್ಪು ಸಾಫ್ಟ್‌ವೇರ್‌ನದ್ದಲ್ಲ ಎಂಬುದು ಇಷ್ಟರಿಂದಲೇ ಖಚಿತ. ಲೆನ್ಸ್ ಮಬ್ಬಾಗಿದೆ, ಇಲ್ಲವೇ ಲೇಸರ್ ಸೊರಗಿದೆ, ಇಲ್ಲವೇ ಈ ಡಿಸ್ಕಿನ ಬಣ್ಣದ ಪದರಕ್ಕೂ ಈ ಡ್ರೈವ್‌ಗೂ ಹೊಂದುವುದಿಲ್ಲ.

‘ಓದುವುದು ಚೆನ್ನಾಗಿದೆಯಲ್ಲ’ ಎಂಬುದನ್ನು ಆಧಾರವಾಗಿ ಹಿಡಿಯಬೇಡಿ. ಬರೆಯಲು ಬೇಕಾದ ಲೇಸರ್ ಶಕ್ತಿ ಓದಲು ಬೇಕಾದದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಇನ್ನೊಂದು ಮಾತು: ಡಿವಿಡಿ ರೈಟರ್ ಒಳಗೆ ಸಿಡಿಗೆ 780 ನ್ಯಾನೋಮೀಟರ್‌ನ ಇನ್‌ಫ್ರಾರೆಡ್ ಲೇಸರ್, ಡಿವಿಡಿಗೆ 650 ನ್ಯಾನೋಮೀಟರ್‌ನ ಕೆಂಪು ಲೇಸರ್ ಇರುತ್ತವೆ. ಒಂದು ಸೊರಗಿ ಇನ್ನೊಂದು ಗಟ್ಟಿಯಾಗಿಯೇ ಇರಬಹುದು. ಡಿವಿಡಿ-ಆರ್ ಸರಿಯಾಗಿ ಬರೆದು ಸಿಡಿ-ಆರ್ ಮಾತ್ರ ಎಲ್ಲ ವೇಗದಲ್ಲೂ, ಬೇರೆ ಬೇರೆ ತಯಾರಿಕೆಯ ಡಿಸ್ಕ್‌ನಲ್ಲೂ ಸೋತರೆ, ಆ ಡ್ರೈವ್‌ಗೆ ಸಿಡಿ ಬರೆಯುವ ಕಾಲ ಮುಗಿಯಿತು ಎಂದೇ ಲೆಕ್ಕ.

ಡಿಸ್ಕ್ ಖರ್ಚಿಲ್ಲದೆ ತಿಳಿಯಬಹುದಾದ ಎರಡು ವಿಷಯ. ಒಂದು, ಹೊಸ ಖಾಲಿ ಡಿಸ್ಕ್ ಹಾಕಿ:

ವೋಡಿಮ್ -ಏಟಿಪ್ ಡೆವ್=/ಡೆವ್/ಎಸ್‌ಆರ್0

ಖಾಲಿ ಡಿಸ್ಕಿನ ತೋಡಿನಲ್ಲೇ ಅಚ್ಚಾಗಿರುವ ವಿವರ ಇದು. ‘ಲೀಡ್ ಔಟ್’ (ಡೇಟಾ ಜಾಗದ ಕೊನೆ) ಸಾಲಿನಲ್ಲಿ ಎಷ್ಟು ಬ್ಲಾಕ್ ಹಿಡಿಯುತ್ತದೆ ಎಂದಿರುತ್ತದೆ. ‘ಲೀಡ್ ಇನ್’ ಸಾಲಿನಲ್ಲಿ 97 ಎಂದು ಶುರುವಾಗುವ ಸಂಕೇತ ಇರುತ್ತದೆ. ಆ ಸಂಕೇತ ತಯಾರಕರ ಗುರುತು. ಬೇರೆ ಬೇರೆ ಬ್ರ್ಯಾಂಡಿನ ಎರಡು ಪ್ಯಾಕೆಟ್‌ಗಳಲ್ಲಿ ಒಂದೇ ಸಂಕೇತ ಕಂಡರೆ ಒಳಗಿರುವುದು ಒಂದೇ ಕಡೆಯ ಮಾಲು. ‘ಬೇರೆ ಕಂಪನಿಯ ಡಿಸ್ಕ್ ಹಾಕಿ ನೋಡಿ’ ಎಂಬ ಸಲಹೆ ಕೇಳಿ ಮತ್ತೆ ಅದೇ ಡಿಸ್ಕನ್ನೇ ಕೊಂಡು ತರುವವರು ಬಹಳ. ಲೇಬಲ್ ಬದಲು ಈ ಸಂಕೇತ ನೋಡಿ ಕೊಳ್ಳಿ.

ಎರಡು:

ವೋಡಿಮ್ -ಪಿಆರ್‌ಕ್ಯಾಪ್ ಡೆವ್=/ಡೆವ್/ಎಸ್‌ಆರ್0

ಇದರ ಕೊನೆಯಲ್ಲಿ ಡ್ರೈವ್ ಒಪ್ಪುವ ಬರೆಯುವ ವೇಗಗಳು ಸೆಕೆಂಡಿಗೆ ಇಷ್ಟು ಕೆಬಿ ಎಂದು ಬರುತ್ತವೆ. ಒಂದು ಪಟ್ಟು ಅಂದರೆ 176.4. ಹಾಗಾಗಿ 8467 ಅಂದರೆ 48 ಪಟ್ಟು, 2822 ಅಂದರೆ 16 ಪಟ್ಟು. ಪಟ್ಟಿಯಲ್ಲಿಲ್ಲದ ವೇಗ ಕೇಳಿದರೆ ಡ್ರೈವ್ ತನಗೆ ಹತ್ತಿರದ್ದನ್ನು ಆರಿಸಿಕೊಳ್ಳುತ್ತದೆ. ‘ನಿಧಾನವಾದಷ್ಟೂ ಒಳ್ಳೆಯದು’ ಎಂದು 1, 2, 4 ಕೇಳುವುದರಲ್ಲಿ ಅರ್ಥವಿಲ್ಲ. 52 ಪಟ್ಟಿಗೆ ಮಾಡಿದ ಬಣ್ಣದ ಪದರ ತೀರಾ ನಿಧಾನದಲ್ಲಿ ಚೆನ್ನಾಗಿ ಬರೆಸಿಕೊಳ್ಳಲೇಬೇಕೆಂದಿಲ್ಲ. ಇಂಥ ಡಿಸ್ಕಿಗೆ ನನ್ನ ಆಯ್ಕೆ 16, ಅದು ಆಗದಿದ್ದರೆ 24.

ಅನುಮತಿ, ಗ್ರೂಪ್ ಎಂದು ಹುಡುಕುತ್ತ ಕೂರಬೇಡಿ. ಅನುಮತಿ ಇಲ್ಲದಿದ್ದರೆ ‘ಕೆನಾಟ್ ಓಪನ್ ಸ್ಕಝಿ ಡ್ರೈವರ್’ ಎಂದು ಬಾಗಿಲಲ್ಲೇ ನಿಲ್ಲುತ್ತಿತ್ತು, ಒಪಿಸಿವರೆಗೆ ಬರುತ್ತಲೇ ಇರಲಿಲ್ಲ. ಮೆಮ್‌ಲಾಕ್ ಎಚ್ಚರಿಕೆಯೂ ನಿರುಪದ್ರವಿ: ಬಫರನ್ನು ಮೆಮೊರಿಯಲ್ಲಿ ಬಿಗಿದಿಡಲು ಕೇಳಿತು, ಸಾಮಾನ್ಯ ಬಳಕೆದಾರನಿಗೆ ಅದು ಸಿಗಲಿಲ್ಲ, ಅಷ್ಟೇ. ಈಗಿನ ಡ್ರೈವ್‌ಗಳಲ್ಲಿ ಬರ್ನ್‌ಫ್ರೀ ಇರುವುದರಿಂದ ಬಫರ್ ಒಂದು ಕ್ಷಣ ಬರಿದಾದರೂ ಬರವಣಿಗೆ ನಿಂತು, ಅದೇ ಜಾಗದಿಂದ ಮುಂದುವರಿಯುತ್ತದೆ.

ಲೆನ್ಸ್ ಒರೆಸುವುದಾದರೆ ಪವರ್ ತೆಗೆದು, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಹಸಿ ಮಾಡಿ ಹಿಂಡಿದ ಹತ್ತಿಕಡ್ಡಿಯನ್ನು ಒತ್ತದೆ ಒಂದು ಸುತ್ತು ಆಡಿಸಿ. ಲೆನ್ಸ್ ನಿಂತಿರುವುದು ಕೂದಲಿನಂಥ ತಂತಿಗಳ ಮೇಲೆ. ಒತ್ತಿದರೆ ಡ್ರೈವ್ ಹೋಯಿತು.

---

ಕರ್ನಲ್‌ಕಟ್ಟೆ

ಮೂರನೆಯ ಅಂಶಕ್ಕೆ ಉತ್ತರ: ನಿಮ್ಮ 8 ಪಟ್ಟಿನ ಡಿಸ್ಕ್ ಬಹುಮಟ್ಟಿಗೆ ಸರಿಯಾಗಿಯೇ ಇದೆ. ಎಸೆಯಬೇಡಿ.

ಲೆಕ್ಕ ನೋಡಿ. ಇಮೇಜ್ 71,09,34,528 ಬೈಟ್. ಡೇಟಾ ಸಿಡಿಯ ಒಂದು ಬ್ಲಾಕ್ 2048 ಬೈಟ್. ಭಾಗಿಸಿದರೆ ಸರಿಯಾಗಿ 3,47,136 ಬ್ಲಾಕ್. ಇನ್ನು ಕರ್ನಲ್ ಹೇಳಿದ ಸೆಕ್ಟರ್ 13,88,544. ಕರ್ನಲ್ ಸೆಕ್ಟರ್ ಎಣಿಸುವುದು 512 ಬೈಟಿನ ಅಳತೆಯಲ್ಲಿ, ಹಾಗಾಗಿ 4ರಿಂದ ಭಾಗಿಸಿ. 3,47,136. ಎಣಿಕೆ ಸೊನ್ನೆಯಿಂದ ಶುರುವಾಗುವುದರಿಂದ ಇಮೇಜಿನ ಕೊನೆಯ ಬ್ಲಾಕ್ 3,47,135. ದೋಷ ಬಂದದ್ದು ಅದರ ಮುಂದಿನದ್ದರಲ್ಲಿ. ನಿಮ್ಮ ಡೇಟಾ ಮುಗಿದ ಮೇಲೆ.

ಅಲ್ಲೇನಿದೆ? ನೀವು ಕೊಟ್ಟ ಕಮಾಂಡ್‌ನಲ್ಲಿ ಮೋಡ್ ಇಲ್ಲ. ವೋಡಿಮ್ ಆಗ ‘ಮೋಡ್ ಹೇಳಿಲ್ಲ, ಟಿಎಒ ಎಂದುಕೊಳ್ಳುತ್ತೇನೆ’ ಎಂದು ಒಂದು ಸಾಲು ತೋರಿಸಿ ಮುಂದೆ ಹೋಗುತ್ತದೆ. ಟಿಎಒ ಎಂದರೆ ಟ್ರ್ಯಾಕ್ ಅಟ್ ಒನ್ಸ್. ಪ್ರತಿ ಟ್ರ್ಯಾಕ್ ಮುಗಿದಾಗ ಲೇಸರ್ ಆರಿಸುವ ಜಾಗದಲ್ಲಿ ಎರಡು ರನ್-ಔಟ್ ಬ್ಲಾಕ್ ಉಳಿಯುತ್ತವೆ. ಓದಿದರೆ ಡೇಟಾ ಕೊಡದ ಬ್ಲಾಕ್‌ಗಳವು. ಆದರೆ ಡಿಸ್ಕಿನ ಪರಿವಿಡಿಯಲ್ಲಿ ಟ್ರ್ಯಾಕಿನ ಉದ್ದಕ್ಕೆ ಅವೂ ಸೇರಿರುತ್ತವೆ. ಎಂಡಿ5ಸಮ್ ಇಡೀ ಸಾಧನವನ್ನು ಕೊನೆಯವರೆಗೆ ಓದಲು ಹೋಗಿ ಅಲ್ಲಿ ಎಡವಿತು. ಕೆಲವೊಮ್ಮೆ ಇನ್ನೂ ಸ್ವಲ್ಪ ಮೊದಲೇ ಎಡವುವುದುಂಟು. ಕರ್ನಲ್ ಒಂದು ಬ್ಲಾಕ್ ಕೇಳಿದರೆ ಮುಂದಿನ ಹಲವನ್ನು ಒಟ್ಟಿಗೆ ತರಿಸಿಕೊಳ್ಳುತ್ತದೆ, ಆ ಗುಂಪಿನಲ್ಲಿ ರನ್-ಔಟ್ ಸೇರಿದ್ದರೆ ಒಳ್ಳೆಯ ಬ್ಲಾಕ್‌ಗಳೂ ದೋಷದ ಲೆಕ್ಕಕ್ಕೆ ಬೀಳಬಹುದು. ಇಮೇಜಿನ ಬಾಲಕ್ಕೆ 150 ಖಾಲಿ ಬ್ಲಾಕ್ ಸೇರಿಸುವ ರೂಢಿ ಬಂದದ್ದು ಈ ಕಾರಣಕ್ಕೇ.

ಸರಿಯಾದ ತಪಾಸಣೆ ಹೀಗೆ. ಮೊದಲು ಟ್ರೇ ಹೊರತೆಗೆದು ಮತ್ತೆ ಒಳಹಾಕಿ. ಇಲ್ಲದಿದ್ದರೆ ಕರ್ನಲ್ ಹಳೆಯ ಗಾತ್ರವನ್ನೇ ನೆನಪಿಟ್ಟುಕೊಂಡಿರುತ್ತದೆ. ಆಮೇಲೆ:

ಡಿಡಿ ಇಫ್=/ಡೆವ್/ಎಸ್‌ಆರ್0 ಬಿಎಸ್=2048 ಕೌಂಟ್=347136 | ಎಂಡಿ5ಸಮ್

ಇದನ್ನು ಐಎಸ್‌ಒ ಫೈಲಿನ ಎಂಡಿ5ಸಮ್ ಜೊತೆ ಹೋಲಿಸಿ. ಇಮೇಜ್ ಫೈಲ್ ಕೈಯಲ್ಲಿಲ್ಲದಿದ್ದರೆ ‘ಐಎಸ್‌ಒಸೈಜ್ -ಡಿ 2048 /ಡೆವ್/ಎಸ್‌ಆರ್0’ ಬ್ಲಾಕ್ ಸಂಖ್ಯೆ ಹೇಳುತ್ತದೆ.

ಮುಂದಿನ ಡಿಸ್ಕಿನಿಂದ ಡಿಎಒ ಬಳಸಿ, ಅಂದರೆ ಡಿಸ್ಕ್ ಅಟ್ ಒನ್ಸ್. ಲೀಡ್-ಇನ್‌ನಿಂದ ಲೀಡ್-ಔಟ್‌ವರೆಗೆ ಲೇಸರ್ ಆರುವುದಿಲ್ಲ, ರನ್-ಔಟ್ ಪ್ರಶ್ನೆಯೇ ಏಳುವುದಿಲ್ಲ:

ವೋಡಿಮ್ -ವಿ ಡೆವ್=/ಡೆವ್/ಎಸ್‌ಆರ್0 ಸ್ಪೀಡ್=16 -ಡಿಎಒ ಡ್ರೈವರ್‌ಆಪ್ಟ್ಸ್=ಬರ್ನ್‌ಫ್ರೀ -ಇಜೆಕ್ಟ್ ಇಮೇಜ್.ಐಎಸ್‌ಒ

ಇದಕ್ಕೆ ‘-ಡಮ್ಮಿ’ ಸೇರಿಸಿದರೆ ಲೇಸರ್ ಹೊತ್ತದೆ ಇಡೀ ಓಟ ನಡೆಯುತ್ತದೆ. ಡಿಸ್ಕ್ ಹಾಳಾಗದೆ ವೇಗ, ಕೇಬಲ್, ಬಫರ್ ಪರೀಕ್ಷಿಸಬಹುದು. ಡಮ್ಮಿಯಲ್ಲಿ ಗೆದ್ದ ಮಾತ್ರಕ್ಕೆ ನಿಜವಾಗಿ ಬರೆಯುತ್ತದೆ ಎಂದಲ್ಲ. ಡಮ್ಮಿಯಲ್ಲೇ ಸೋತರೆ ಮಾತ್ರ ಡಿಸ್ಕಿನ ಬಣ್ಣದ ಪದರ ನಿರಪರಾಧಿ.

ಜೊತೆಗೆ ಇನ್ನೊಂದು ಟರ್ಮಿನಲ್‌ನಲ್ಲಿ ‘ಡಿಮೆಸೇಜ್ -ಡಬ್ಲ್ಯು’ ತೆರೆದಿಡಿ. ಬರೆಯುವ ನಡುವೆ ‘ಹಾರ್ಡ್ ರೀಸೆಟ್ಟಿಂಗ್ ಲಿಂಕ್’ ಎಂಬ ಸಾಲು ಕಂಡರೆ ಡಿಸ್ಕನ್ನು ದೂರಬೇಡಿ, ಸಾಟಾ ಕೇಬಲ್ ಬದಲಿಸಿ. ಯುಎಸ್‌ಬಿ ಡ್ರೈವ್ ಇರುವವರಿಗೆ ಅದೇ ಜಾಗದಲ್ಲಿ ‘ರೀಸೆಟ್ ಹೈ-ಸ್ಪೀಡ್ ಯುಎಸ್‌ಬಿ ಡಿವೈಸ್’ ಎಂದು ಬರುತ್ತದೆ. ಅದು ಹೆಚ್ಚಾಗಿ ವಿದ್ಯುತ್ ಸಾಲದ ಲಕ್ಷಣ. ಯುಎಸ್‌ಬಿ 2 ಪೋರ್ಟ್ ಕೊಡಬೇಕಾದದ್ದು 500 ಮಿಲಿಆಂಪ್, ಬರೆಯುವಾಗ ತೆಳು ಡ್ರೈವ್ ಕ್ಷಣಕಾಲ ಅದಕ್ಕಿಂತ ಹೆಚ್ಚು ಎಳೆಯುತ್ತದೆ. ಹಬ್ ಬಿಟ್ಟು ನೇರ ಪೋರ್ಟಿಗೆ ಹಾಕಬೇಕು, ಎರಡು ಬಾಯಿಯ ಕೇಬಲ್ ಇದ್ದರೆ ಎರಡನ್ನೂ ಚುಚ್ಚಬೇಕು.

---

ಹೊಸಮೌಸ್

ನಾನು ಓದಿದ ಒಂದು ಮಾರ್ಗದರ್ಶಿಯಲ್ಲಿ ಐಡಿಇ-ಸ್ಕಝಿ ಮಾಡ್ಯೂಲ್ ಹಾಕಿ, ‘ಡೆವ್=0,0,0’ ಎಂದು ಕೊಟ್ಟು, ಸಿಡಿರೆಕಾರ್ಡ್‌ಗೆ ಸೆಟ್‌ಯುಐಡಿ ರೂಟ್ ಮಾಡಬೇಕು (ಯಾರು ಓಡಿಸಿದರೂ ರೂಟ್‌ನ ಅಧಿಕಾರ ಸಿಗುವಂತೆ), ಇಲ್ಲವೇ ಕೆ3ಬಿಯನ್ನೇ ಸುಡೊನಲ್ಲಿ ಓಡಿಸಬೇಕು ಎಂದಿತ್ತು. ಅದರಿಂದ ಸರಿಹೋಗಬಹುದೇ?

---

ಬೈಟ್‌ಗೂಡು

ಬೇಡ, ಯಾವುದೂ ಬೇಡ. ಅದು 2.4 ಕರ್ನಲ್ ಕಾಲದ ಮಾತು. ಆಗ ಐಡಿಇ ಡ್ರೈವ್‌ಗೆ ಸ್ಕಝಿ ವೇಷ ಹಾಕದೆ ಬರೆಯಲು ಆಗುತ್ತಿರಲಿಲ್ಲ. 2.6ರಿಂದ ನೇರವಾಗಿ ಸಾಧನದ ಹೆಸರು ಕೊಟ್ಟರೆ ಸಾಕು. ಸೆಟ್‌ಯುಐಡಿ ಸಲಹೆ ಹಬ್ಬಿದ್ದು 2004ರಲ್ಲಿ, 2.6.8 ಕರ್ನಲ್ ಬಂದಾಗ. ಸಾಮಾನ್ಯ ಬಳಕೆದಾರ ಡ್ರೈವ್‌ಗೆ ಕಳಿಸುವ ಆದೇಶಗಳನ್ನು ಅದು ಸೋಸತೊಡಗಿತು, ಬರ್ನಿಂಗ್ ಪ್ರೋಗ್ರಾಂಗಳು ಒಮ್ಮೆಲೇ ನಿಂತವು. ಆ ಗೊಂದಲ ಮುಗಿದು ಎಷ್ಟೋ ಕಾಲವಾಯಿತು, ಸಲಹೆ ಮಾತ್ರ ಹಳೆಯ ಪುಟಗಳಲ್ಲಿ ಉಳಿದುಕೊಂಡಿದೆ.

ಕೆ3ಬಿಯನ್ನು ರೂಟ್ ಆಗಿ ಓಡಿಸಿದರೆ ಅದರ ಸೆಟ್ಟಿಂಗ್, ತಾತ್ಕಾಲಿಕ ಇಮೇಜ್ ಎಲ್ಲ ರೂಟ್ ಒಡೆತನಕ್ಕೆ ಹೋಗಿ, ಆಮೇಲೆ ಮಾಮೂಲಿಯಾಗಿ ತೆರೆದಾಗ ಹೊಸ ತಕರಾರು ಶುರುವಾಗುತ್ತದೆ. ನಿಜವಾಗಿ ಅನುಮತಿಯದ್ದೇ ತೊಂದರೆಯಾದರೆ ‘ಎಲ್‌ಎಸ್ -ಎಲ್ /ಡೆವ್/ಎಸ್‌ಆರ್0’ ನೋಡಿ. ಡೆಬಿಯನ್, ಉಬುಂಟುಗಳಲ್ಲಿ ಗ್ರೂಪ್ ‘ಸಿಡಿರಾಮ್’, ಆರ್ಚ್‌ನಲ್ಲಿ ‘ಆಪ್ಟಿಕಲ್’. ಸಾಲಿನ ಅನುಮತಿ ಅಕ್ಷರಗಳ ಕೊನೆಗೆ + ಚಿಹ್ನೆ ಇದ್ದರೆ, ಮುಂದೆ ಕೂತು ಲಾಗಿನ್ ಆದ ಬಳಕೆದಾರನಿಗೆ ಸಿಸ್ಟಂಡಿ ಈಗಾಗಲೇ ಹಕ್ಕು ಕೊಟ್ಟಿರುತ್ತದೆ. ‘ಗೆಟ್‌ಎಫ್‌ಎಸಿಎಲ್’ ಕೊಟ್ಟರೆ ನಿಮ್ಮ ಹೆಸರು ಕಾಣುತ್ತದೆ. ಎಸ್‌ಎಸ್‌ಎಚ್ ಮೂಲಕ ಬಂದವರಿಗೆ ಅದು ಸಿಗುವುದಿಲ್ಲ, ಅವರಷ್ಟೇ ಗ್ರೂಪಿಗೆ ಸೇರಬೇಕು:

ಸುಡೊ ಯೂಸರ್‌ಮಾಡ್ -ಎಜಿ ಸಿಡಿರಾಮ್ ಬಳಕೆದಾರ

ಆಯ್ಕೆಯಲ್ಲಿ ‘ಎ’ ಚಿಕ್ಕಕ್ಷರ, ‘ಜಿ’ ದೊಡ್ಡಕ್ಷರ. ‘ಎ’ ಬಿಟ್ಟರೆ ಉಳಿದ ಗ್ರೂಪುಗಳೆಲ್ಲ ಕಳಚಿಹೋಗುತ್ತವೆ. ಲಾಗ್‌ಔಟ್ ಆಗಿ ಮತ್ತೆ ಬರುವವರೆಗೆ ಇದು ಜಾರಿಗೆ ಬರುವುದಿಲ್ಲ.

ವೋಡಿಮ್ ಬಗ್ಗೆ ಒಂದು ಮಾತು ಹೇಳಲೇಬೇಕು. ಅದು 2006ರಲ್ಲಿ ಲೈಸೆನ್ಸ್ ಜಗಳದಿಂದ ಸಿಡಿಆರ್‌ಟೂಲ್ಸ್‌ನಿಂದ ಕವಲೊಡೆದ ಸಿಡಿಆರ್‌ಕಿಟ್‌ನ ಭಾಗ. ಅದರ 1.1.11 ಆವೃತ್ತಿ ಬಂದದ್ದು 2010ರಲ್ಲಿ. ಸರಳ ಸಿಡಿ ಕೆಲಸಕ್ಕೆ ಇವತ್ತಿಗೂ ನಡೆಯುತ್ತದೆ, ಆದರೂ ಅನುಮಾನ ಬಂದಾಗ ಬೇರೆ ಬೇರಿನ ಪ್ರೋಗ್ರಾಂನಲ್ಲಿ ಒಮ್ಮೆ ನೋಡಬೇಕು. ಲಿಬ್‌ಬರ್ನ್ ಎಂಬ ಬೇರೆ ಲೈಬ್ರರಿಯ ಮೇಲೆ ನಿಂತ ಸಿಡಿಆರ್‌ಸ್ಕಿನ್ ಹೆಚ್ಚುಕಡಿಮೆ ಅದೇ ಆಯ್ಕೆಗಳನ್ನು ಒಪ್ಪುತ್ತದೆ:

ಸಿಡಿಆರ್‌ಸ್ಕಿನ್ -ವಿ ಡೆವ್=/ಡೆವ್/ಎಸ್‌ಆರ್0 ಸ್ಪೀಡ್=16 -ಎಸ್‌ಎಒ -ಇಜೆಕ್ಟ್ ಇಮೇಜ್.ಐಎಸ್‌ಒ

(ಎಸ್‌ಎಒ, ಡಿಎಒ ಇಲ್ಲಿ ಒಂದೇ.) ಕಿಟಕಿಯೇ ಬೇಕೆಂದರೆ ನಿಮ್ಮ ಎಕ್ಸ್‌ಎಫ್‌ಸಿಇಯ ಎಕ್ಸ್‌ಎಫ್‌ಬರ್ನ್ ಕೂಡ ಲಿಬ್‌ಬರ್ನ್ ಮೇಲೆಯೇ ನಿಂತಿರುವುದು. ಎರಡು ಬೇರೆ ಬೇರಿನ ಪ್ರೋಗ್ರಾಂಗಳಲ್ಲೂ ಒಂದೇ ಸೆನ್ಸ್ ಕೋಡ್ ಬಂದರೆ ಸಾಫ್ಟ್‌ವೇರ್ ಕಡತ ಮುಚ್ಚಿಬಿಡಿ. ಗ್ರೋಐಎಸ್‌ಒಎಫ್‌ಎಸ್ ಹುಡುಕಿಕೊಂಡು ಹೋಗಬೇಡಿ, ಅದು ಡಿವಿಡಿ, ಬ್ಲೂ-ರೇಗೆ ಮಾತ್ರ. ಸಿಡಿ ಬರೆಯುವುದಿಲ್ಲ.

---

ಸುರುಳಿನಾದ

ಆಡಿಯೊ ಸಿಡಿ ವಿಷಯಕ್ಕೆ ಬರುತ್ತೇನೆ. ಬ್ರಸೆರೊದ ನಾರ್ಮಲೈಸ್ ಪ್ಲಗಿನ್ ಸೋಲುವುದು ಹಳೆಯ ಕಾಯಿಲೆ. ಎಡಿಟ್ ಮೆನುವಿನ ಪ್ಲಗಿನ್ಸ್‌ನಲ್ಲಿ ‘ನಾರ್ಮಲೈಸೇಷನ್’ ಟಿಕ್ ತೆಗೆದು ಮತ್ತೆ ಬರೆಯಲು ಕೊಡಿ, ಎಷ್ಟೋ ಕಡೆ ಅಷ್ಟಕ್ಕೇ ಸರಿಹೋಗುತ್ತದೆ. ಹಾಡು ಸೇರಿಸುವಾಗಲೇ ‘ಈ ಫೈಲ್ ಆಗದು’ ಎಂದರೆ ಅದು ಬೇರೆ ಕಾರಣ: ಎಂಪಿ3 ಬಿಡಿಸುವ ಜಿಸ್ಟ್ರೀಮರ್ ಪ್ಲಗಿನ್ ಇಲ್ಲ.

ನನ್ನ ಮಟ್ಟಿಗೆ ಆಡಿಯೊ ಸಿಡಿಗೆ ಪರಿವರ್ತನೆ ಒಂದು ಕೆಲಸ, ಬರೆಯುವುದು ಇನ್ನೊಂದು ಕೆಲಸ ಎಂದು ಬೇರ್ಪಡಿಸುವುದೇ ಸರಿ. ಪರಿವರ್ತನೆಯಲ್ಲಿ ಎಡವಟ್ಟಾದರೆ ಡಿಸ್ಕ್ ಖರ್ಚಾಗುವುದಿಲ್ಲ, ಬರೆಯುವ ಮೊದಲು ಕಿವಿಗೊಟ್ಟು ಕೇಳಿಯೂ ನೋಡಬಹುದು.

ಆಡಿಯೊ ಸಿಡಿ ಒಪ್ಪುವುದು ಒಂದೇ ರೂಪ: 44,100 ಹರ್ಟ್ಜ್, 16 ಬಿಟ್, ಎರಡು ಚಾನೆಲ್. ವಿಡಿಯೊದಿಂದ ತೆಗೆದ ಧ್ವನಿ ಹೆಚ್ಚಾಗಿ 48,000 ಹರ್ಟ್ಜ್ ಇರುತ್ತದೆ, ಮಾತಿನ ರೆಕಾರ್ಡಿಂಗ್ ಒಂದೇ ಚಾನೆಲ್ ಇರುತ್ತದೆ. ಹಾಗೇ ಕೊಟ್ಟರೆ ವೋಡಿಮ್ ‘ಇನ್‌ಅಪ್ರೋಪ್ರಿಯೇಟ್ ಆಡಿಯೊ ಕೋಡಿಂಗ್’ ಎಂದು ಡಿಸ್ಕ್ ಮುಟ್ಟದೆ ನಿಲ್ಲುತ್ತದೆ. ಅದು ಒಳ್ಳೆಯದೇ. ಪ್ರತಿ ಫೈಲಿಗೂ:

ಎಫ್‌ಎಫ್‌ಎಂಪೆಗ್ -ಐ ಹಾಡು.ಎಂಪಿ3 -ಎಆರ್ 44100 -ಎಸಿ 2 -ಸ್ಯಾಂಪಲ್_ಎಫ್‌ಎಂಟಿ ಎಸ್16 01.ವೇವ್

ಫೈಲ್ ಹೆಸರಿಗೆ 01, 02 ಎಂದು ಎರಡಂಕಿ ಕೊಡಿ. ಕಮಾಂಡ್‌ನಲ್ಲಿ ನಕ್ಷತ್ರ ಹಾಕಿದಾಗ ಹಾಡುಗಳು ಆ ಕ್ರಮದಲ್ಲೇ ಸಾಲುಗಟ್ಟುತ್ತವೆ. ಬರೀ 1, 2 ಕೊಟ್ಟರೆ 1ರ ಹಿಂದೆ 10 ಬಂದು ನಿಲ್ಲುತ್ತದೆ. ಆಮೇಲೆ:

ವೋಡಿಮ್ -ವಿ ಡೆವ್=/ಡೆವ್/ಎಸ್‌ಆರ್0 ಸ್ಪೀಡ್=16 -ಡಿಎಒ -ಆಡಿಯೊ -ಪ್ಯಾಡ್ *.ವೇವ್

‘-ಪ್ಯಾಡ್’ ಯಾಕೆಂದರೆ ಆಡಿಯೊ ಬ್ಲಾಕ್ 2352 ಬೈಟ್, ಸೆಕೆಂಡಿಗೆ 75 ಬ್ಲಾಕ್. ಹಾಡು ಸರಿಯಾಗಿ ಬ್ಲಾಕಿನ ಅಂಚಿಗೇ ಮುಗಿಯುವುದು ಅಪರೂಪ, ಉಳಿದ ಜಾಗಕ್ಕೆ ಸೊನ್ನೆ ತುಂಬಬೇಕು. ಇಲ್ಲಿ ಮೆಗಾಬೈಟ್ ಲೆಕ್ಕ ಬಿಟ್ಟು ನಿಮಿಷದ ಲೆಕ್ಕ ಹಿಡಿಯಿರಿ: ಎಂಪಿ3ಗಳೆಲ್ಲ ಸೇರಿ 90 ಎಂಬಿಯೇ ಇದ್ದರೂ ಒಟ್ಟು 85 ನಿಮಿಷವಾದರೆ 80 ನಿಮಿಷದ ಡಿಸ್ಕಿನಲ್ಲಿ ಕೂರುವುದಿಲ್ಲ. ಟ್ರ್ಯಾಕ್ 99ಕ್ಕಿಂತ ಹೆಚ್ಚಿರಬಾರದು, ಒಂದೊಂದೂ 4 ಸೆಕೆಂಡಿಗಿಂತ ಚಿಕ್ಕದಿರಬಾರದು.

ಟಿಎಒದಲ್ಲಿ ಬರೆದರೆ ಹಾಡಿನಿಂದ ಹಾಡಿಗೆ ಎರಡು ಸೆಕೆಂಡಿನ ಮೌನ ಬೀಳುತ್ತದೆ. ಬಿಡಿ ಹಾಡುಗಳಿಗೆ ಅಡ್ಡಿಯಿಲ್ಲ. ಕಛೇರಿಯ ರೆಕಾರ್ಡಿಂಗ್ ಆದರೆ ಆಲಾಪನೆ ಮುಗಿದು ಕೃತಿ ಎತ್ತಿಕೊಳ್ಳುವ ಹೊತ್ತಿಗೆ ಸದ್ದು ಕತ್ತರಿಸಿದಂತಾಗುತ್ತದೆ, ಕೇಳುವವರಿಗೆ ಹಿಂಸೆ. ಅಂಥದ್ದಕ್ಕೆ ಡಿಎಒ ಕಡ್ಡಾಯ. ಅಂತರವನ್ನು ಒಂದೊಂದು ಟ್ರ್ಯಾಕಿಗೂ ಕೂರಿಸಬೇಕೆಂದರೆ ಟಿಒಸಿ ಫೈಲ್ (ಟ್ರ್ಯಾಕ್‌ಗಳ ಪರಿವಿಡಿ) ಬರೆದು ಸಿಡಿಆರ್‌ಡಿಎಒ ಎಂಬ ಪ್ರೋಗ್ರಾಂ ಬಳಸಿ.

ಹಳೆಯ ಪ್ಲೇಯರ್‌ಗೆ ಸಿಡಿ-ಆರ್‌ಡಬ್ಲ್ಯು ಬೇಡ. ಸಿಡಿ-ಆರ್ ಸುಮಾರು 70 ಶೇಕಡಾ ಬೆಳಕನ್ನು ಮರಳಿಸಿದರೆ ಆರ್‌ಡಬ್ಲ್ಯು 15ರಿಂದ 25 ಶೇಕಡಾ ಮಾತ್ರ. ಕಂಪ್ಯೂಟರ್ ಓದುತ್ತದೆ, ಪ್ಲೇಯರ್ ‘ಡಿಸ್ಕ್ ಇಲ್ಲ’ ಎನ್ನುತ್ತದೆ.

---

ತಾಮ್ರತಂತಿ

ಮಾಡಿ ನೋಡಿದ್ದು:

ಡಿಡಿಗೆ ಕೌಂಟ್ ಕೊಟ್ಟು ಓದಿಸಿದೆ. 8 ಪಟ್ಟಿನ ಡಿಸ್ಕ್ ಮತ್ತು ಐಎಸ್‌ಒ ಫೈಲ್, ಎರಡರ ಎಂಡಿ5 ಒಂದೇ. ದೋಷವಿಲ್ಲ.

ಏಟಿಪ್‌ನಲ್ಲಿ ಲೀಡ್-ಔಟ್ 359846 (79:59/71). ಅಂದರೆ ಇಮೇಜ್ ಹಿಡಿದ ಮೇಲೆ 12,710 ಬ್ಲಾಕ್ ಮಿಕ್ಕಿದೆ, ಜಾಗದ ಸಮಸ್ಯೆಯಲ್ಲ. ಕೈಲಿದ್ದ ಇನ್ನೊಂದು ಬ್ರ್ಯಾಂಡಿನ ಪ್ಯಾಕೆಟ್ ಒಡೆದು ನೋಡಿದರೆ 97ರ ಸಂಕೇತ ಬೇರೆಯೇ ಇತ್ತು. ಅದರಲ್ಲಿ 16 ಪಟ್ಟು, ಡಿಎಒ ಕೊಟ್ಟೆ. ಮೊದಲ ಸಲಕ್ಕೇ ಬರೆಯಿತು, ಎಂಡಿ5 ಹೊಂದಿತು. ಹಳೆಯ ಪ್ಯಾಕೆಟಿನದ್ದು ಸಿಡಿಆರ್‌ಸ್ಕಿನ್‌ನಲ್ಲೂ 48 ಪಟ್ಟಿಗೆ 73/03ರಲ್ಲೇ ನಿಂತಿತು. ಲೆನ್ಸ್ ಇನ್ನೂ ಒರೆಸಿಲ್ಲ. ನಾರ್ಮಲೈಸ್ ಟಿಕ್ ತೆಗೆದ ಮೇಲೆ ಬ್ರಸೆರೊ ಆಡಿಯೊ ಸಿಡಿಯನ್ನೂ ಬರೆಯಿತು.

ಉಳಿದಿರುವುದು ಒಂದೇ. ಕನ್ನಡದಲ್ಲಿ ಹೆಸರಿಟ್ಟ ಫೈಲುಗಳ ಫೋಲ್ಡರ್ ಒಂದನ್ನು ಡೇಟಾ ಸಿಡಿ ಮಾಡಬೇಕು, ವಿಂಡೋಸ್‌ನಲ್ಲೂ ತೆರೆಯಬೇಕು. ಫೋಲ್ಡರ್‌ನಿಂದ ಐಎಸ್‌ಒ ಕಟ್ಟುವ ಜೆನ್‌ಐಎಸ್‌ಒಇಮೇಜ್ ‘ಜೋಲಿಯೆಟ್ ಟ್ರೀ ಸಾರ್ಟ್ ಫೇಲ್ಡ್’ ಎಂದು ನಿಲ್ಲುತ್ತದೆ. ಹೆಸರುಗಳು 25-30 ಅಕ್ಷರಕ್ಕಿಂತ ಉದ್ದವಿಲ್ಲ.

---

ಕರ್ನಲ್‌ಕಟ್ಟೆ

ಕಣ್ಣಿಗೆ 30 ಅಕ್ಷರ, ಜೋಲಿಯೆಟ್‌ನ ಲೆಕ್ಕದಲ್ಲಿ ಅಲ್ಲ. ವಿಂಡೋಸ್ ಓದುವುದು ಜೋಲಿಯೆಟ್ ಹೆಸರನ್ನು, ಅದರ ಮಿತಿ 64 ಯೂನಿಕೋಡ್ ಸಂಕೇತ. ಕನ್ನಡದಲ್ಲಿ ವ್ಯಂಜನ, ವಿರಾಮ, ಸ್ವರಚಿಹ್ನೆ ಎಲ್ಲ ಬೇರೆ ಬೇರೆ ಸಂಕೇತ. ‘ಪ್ರಾರ್ಥನೆ’ ಎಂಬುದನ್ನೇ ಬಿಡಿಸಿ: ಪ, ವಿರಾಮ, ರ, ಆ-ಚಿಹ್ನೆ, ರ, ವಿರಾಮ, ಥ, ನ, ಎ-ಚಿಹ್ನೆ. ಕಣ್ಣಿಗೆ ಮೂರಕ್ಷರ, ಸಂಕೇತ ಒಂಬತ್ತು. ಒತ್ತಕ್ಷರ ಜಾಸ್ತಿ ಇರುವ 25 ಅಕ್ಷರದ ಹೆಸರು 64 ದಾಟುವುದು ಸುಲಭ. ಹೆಸರುಗಳ ಮೊದಲ ಭಾಗ ಒಂದೇ ಇದ್ದು ಕೊನೆಯಲ್ಲಿ ‘ಭಾಗ 1’, ‘ಭಾಗ 2’ ಎಂದಿದ್ದರೆ, 64ಕ್ಕೆ ಕತ್ತರಿಸಿದ ಮೇಲೆ ಎರಡೂ ಒಂದೇ ಹೆಸರಾಗುತ್ತವೆ. ವಿಂಗಡಣೆ ಅಲ್ಲೇ ಸೋಲುತ್ತದೆ.

ಸಂಖ್ಯೆಯನ್ನು ಹೆಸರಿನ ಮೊದಲಿಗೆ ತನ್ನಿ: ‘01 ಪ್ರಾರ್ಥನೆ...’. ಕತ್ತರಿಸಿದರೂ ಹೆಸರು ಬೇರೆ ಬೇರೆಯಾಗಿಯೇ ಉಳಿಯುತ್ತದೆ. ಹೆಸರು ಬದಲಿಸುವಂತಿಲ್ಲ ಎಂದರೆ ‘-ಜೋಲಿಯೆಟ್-ಲಾಂಗ್’ ಸೇರಿಸಿ, ಮಿತಿ 103ಕ್ಕೆ ಏರುತ್ತದೆ. ಅದು ಜೋಲಿಯೆಟ್ ನಿಯಮ ಮೀರಿದ್ದು, ಹಾಗಾಗಿ ಅದು ನನ್ನ ಎರಡನೆಯ ಆಯ್ಕೆ.

ಜೆನ್‌ಐಎಸ್‌ಒಇಮೇಜ್ -ಜೆ -ಆರ್ -ಇನ್‌ಪುಟ್-ಚಾರ್‌ಸೆಟ್ ಯುಟಿಎಫ್-8 -ವಿ ಸಂಗ್ರಹ01 -ಒ ಸಂಗ್ರಹ.ಐಎಸ್‌ಒ ಫೋಲ್ಡರ್/

‘ಜೆ’ ದೊಡ್ಡಕ್ಷರ, ‘ಆರ್’ ಚಿಕ್ಕಕ್ಷರ, ‘ವಿ’ ದೊಡ್ಡಕ್ಷರ. ‘-ವಿ’ ಆದಮೇಲಿನ ಡಿಸ್ಕ್ ಹೆಸರನ್ನು ಮಾತ್ರ ಇಂಗ್ಲಿಷ್ ದೊಡ್ಡಕ್ಷರಗಳಲ್ಲಿ, 16ರೊಳಗೆ ಇಡಿ. ಲಿನಕ್ಸ್ ಓದುವುದು ರಾಕ್ ರಿಡ್ಜ್ ಹೆಸರನ್ನು. ಅಲ್ಲಿ ಒಂದು ಕನ್ನಡ ಸಂಕೇತಕ್ಕೆ 3 ಬೈಟ್, ಒಟ್ಟು 255 ಬೈಟ್, ಅಂದರೆ 85 ಸಂಕೇತ. ನಿಮ್ಮ ಹಾರ್ಡ್‌ಡಿಸ್ಕಿನ ಮಿತಿಯೂ ಅದೇ ಆದ್ದರಿಂದ ಅಲ್ಲಿ ಅಡಚಣೆ ಬರುವುದಿಲ್ಲ.

ಬರೆಯುವ ಮೊದಲು ಇಮೇಜನ್ನು ಲೂಪ್ ಮೌಂಟ್ ಮಾಡಿ (ಅಂದರೆ ಫೈಲನ್ನೇ ಡಿಸ್ಕಿನಂತೆ ತೆರೆದು), ಒಮ್ಮೆ ಮಾಮೂಲಿಯಾಗಿ, ಇನ್ನೊಮ್ಮೆ ‘-ಒ ಲೂಪ್,ನೊರಾಕ್’ ಎಂದು ಕೊಟ್ಟು ನೋಡಿ. ನೊರಾಕ್ ಕೊಟ್ಟಾಗ ಕಾಣುವ ಹೆಸರುಗಳೇ ವಿಂಡೋಸ್‌ನಲ್ಲಿ ಕಾಣುವುದು.

---

ಬೈಟ್‌ಗೂಡು

ಬರೆದಾದ ಮೇಲೆ ಇದನ್ನೂ ಓಡಿಸಿ:

ಜೋರಿಸೊ -ಇನ್‌ಡೆವ್ /ಡೆವ್/ಎಸ್‌ಆರ್0 -ಚೆಕ್_ಮೀಡಿಯಾ --

ಇಡೀ ಡಿಸ್ಕ್ ಓದಿ ಯಾವ ಬ್ಲಾಕಿನಿಂದ ಯಾವ ಬ್ಲಾಕಿನವರೆಗೆ ‘ಗುಡ್’, ಎಲ್ಲಿ ‘ಸ್ಲೋ’ ಎಂದು ಹೇಳುತ್ತದೆ. ಎಂಡಿ5 ಹೊಂದಿದರೂ ನಡುವೆ ‘ಸ್ಲೋ’ ಕಂಡರೆ ಡ್ರೈವ್ ಅಲ್ಲಿ ತಿಣುಕಿ ಓದಿದೆ ಎಂದರ್ಥ. ಎತ್ತಿಡಬೇಕಾದ ಡೇಟಾ ಆದರೆ ಆ ಡಿಸ್ಕ್ ನಂಬದೆ ಇನ್ನೊಂದು ಬರೆಯಿರಿ. ಕೆ3ಬಿಯಲ್ಲಿ ವೇಗ 16, ಮೋಡ್ ಡಿಎಒ, ‘ಬರೆದದ್ದನ್ನು ಪರಿಶೀಲಿಸು’ ಟಿಕ್, ಈ ಮೂರನ್ನೂ ಹಾಕಿ ಅದೇ ಕಿಟಕಿಯಲ್ಲೇ ಸೇವ್ ಮಾಡಿಬಿಡಿ, ಮುಂದಿನ ಸಲ ‘ಆಟೊ’ಗೆ ಮರಳಿರುವುದಿಲ್ಲ. ಹಳೆಯ ಪ್ಯಾಕೆಟಿನಲ್ಲಿ ಉಳಿದ ಡಿಸ್ಕ್‌ಗಳನ್ನು ಲೆನ್ಸ್ ಒರೆಸಿದ ಮೇಲೆ 16ರಲ್ಲಿ ಬರೆದು ನೋಡಿ. ಅದೂ 73/03 ಕೊಟ್ಟರೆ ಅವು 8ಕ್ಕೇ ಸರಿ.